ಎದೆಗೆ ಕಟ್ಟದ ಪಟ್ಟಿ

ಸುಮಂಗಲಾ ಬೆರಳಿಗೆ ಎಂಜಲು ಹಚ್ಚಿಕೊಂಡು ಗಾಜಿನ ಮೇಲಿನ ಬಿಳಿ ಚುಕ್ಕೆಯನ್ನು ಉಜ್ಜಿದಳು. ಆಮೇಲೆ ಅದೇ ಬೆರಳನ್ನು ನಾಲಿಗೆಗೆ ಇಟ್ಟುಕೊಂಡಳು.

"ಮೇಡಂ!" ಸಂಗಮೇಶ್ ಮುಖ ಹಿಂಡಿದ. "ಏನ್ ಮಾಡ್ತಿದ್ದೀರಾ?"

"ರುಚಿ ನೋಡ್ತಿದ್ದೀನಿ."

"ಗಾಜಿನ ರುಚೀನಾ?"

"ನೀರಿನ ರುಚಿ. ಕುಂದಲಹಳ್ಳೀಲಿ ನಮ್ಮನೆ ನಲ್ಲಿಗೂ ಇದೇ ರುಚಿ. ಬೋರ್‌ವೆಲ್ ನೀರು ಕಾದು ಕಾದು ಹೀಟರ್ ಮೇಲೆ ಸುಣ್ಣ ಕಟ್ಟುತ್ತಲ್ಲ, ಅದೇ ಇದು."

ಸಂಗಮೇಶ್ ಆ ಕಟ್ಟಡದ ಮ್ಯಾನೇಜರು. ಕಾವಲಿನವರು, ಕಸ ಗುಡಿಸುವವರು, ಗಾಜು ತೊಳೆಯುವವರು ಎಲ್ಲರೂ ಅವನ ಕೈಕೆಳಗೆ. ಇಸ್ತ್ರಿ ಮಾಡಿದ ಅಂಗಿಯ ಕೆಳಗೆ ಹೊಟ್ಟೆ ಮುಂದೆ, ಅವನು ಹಿಂದೆ. ಬೆಳಿಗ್ಗೆಯಿಂದ ಅವನಿಗೆ ಒಂದೇ ಅವಸರ: ಗಾಜು ತೊಳೆಯುವ ಬಸಲಿಂಗನನ್ನು ಪೊಲೀಸರ ಕೈಗೆ ಕೊಟ್ಟುಬಿಡಬೇಕು.

ಕಳುವಾದದ್ದು ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರ. ಹಸುಗೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂದು ನೋಡಿ ಹೇಳುವಂಥದ್ದು. ಈ ಗಾಜಿನ ಕೋಣೆಯ ಮೇಜಿನ ಮೇಲಿದ್ದ ಒಂದೇ ಒಂದು ಮಾದರಿ ಅದು. ಬೆಳಿಗ್ಗೆ ಮಾಯವಾಗಿತ್ತು. ಕೋಣೆಯ ಹೊರಗಿನ ಕ್ಯಾಮರಾದಲ್ಲಿ ಬಸಲಿಂಗನ ನೀಲಿ ಜಾಕೆಟ್ಟು, ಅವನ ಟೋಪಿ, ಬೆನ್ನ ಮೇಲೆ ಅವನ ನೀರಿನ ಟಾಕಿ ಸಿಕ್ಕಿದ್ದವು.

"ಗಾಜು ತೊಳೆಯೋಕೆ ಬಂದ, ಒಳಗೆ ಹೋದ, ಟಾಕಿ ಪಕ್ಕದ ಚೀಲಕ್ಕೆ ಹಾಕ್ಕೊಂಡು ಹೊರಗೆ ಬಂದ. ವೀಡಿಯೋದಲ್ಲಿ ಕ್ಲಿಯರ್ ಆಗಿದೆ," ಎಂದ ಸಂಗಮೇಶ್. "ಇನ್ನೇನ್ ಬೇಕು ನಿಮಗೆ? ಸಂಜೆ ಒಳಗೆ ಬೇರೆ ಯಾರ ಹೆಸರಾದ್ರೂ ಹೇಳಿ. ಇಲ್ಲಾಂದ್ರೆ ಕಂಪ್ಲೇಂಟ್ ಕೊಡೋದೇ."

ಕಂಪ್ಲೇಂಟ್ ಕೊಟ್ಟರೆ ಏನಾಗುತ್ತದೆ ಎನ್ನುವುದು ವೈಟ್‌ಫೀಲ್ಡಿನ ಎಲ್ಲ ಗೇಟುಗಳಿಗೂ ಗೊತ್ತು. ಒಂದು ಕಡೆ ಪಾಸು ರದ್ದಾದವನ ಫೋಟೋ ಸಾಯಂಕಾಲದೊಳಗೆ ಉಳಿದ ಗೇಟುಗಳಿಗೂ ಹೋಗಿರುತ್ತದೆ. ಕಳ್ಳ ಅಲ್ಲ ಎಂದು ಕೋರ್ಟು ಹೇಳುವ ಹೊತ್ತಿಗೆ ಬಸಲಿಂಗ ಪಟ್ಟಂದೂರು ಅಗ್ರಹಾರದ ರೂಮು ಖಾಲಿ ಮಾಡಿ, ಕೊಪ್ಪಳದ ಬಸ್ಸು ಹತ್ತಿ, ಊರಲ್ಲಿ ತಲೆ ತಗ್ಗಿಸಿ ಓಡಾಡುತ್ತಿರುತ್ತಾನೆ.

ಸುಮಂಗಲಾ ಕೋಣೆಯ ಒಳಗೆ ಹೋದಳು. ಒಳಗಿನಿಂದ ಅದೇ ಚುಕ್ಕೆಗಳನ್ನು ಉಗುರಿನಿಂದ ಕೆರೆದಳು. ಏನೂ ಬರಲಿಲ್ಲ. ಚುಕ್ಕೆಗಳೆಲ್ಲ ಹೊರಮೈಯಲ್ಲೇ ಇದ್ದವು, ಕ್ಯಾಮರಾ ಕಣ್ಣಿಗೆ ಬೀಳುವ ಆ ಒಂದೇ ಹಲಗೆಯ ಮೇಲೆ.

ಕೋಣೆಯ ಆಚೆ ಬದಿಗೆ ಇನ್ನೊಂದು ದೊಡ್ಡ ಗಾಜು. ಅದರಾಚೆ ಬೇಸ್‌ಮೆಂಟಿನಿಂದ ಮೇಲೆ ಬರುವ ಕಾರಿನ ದಾರಿ, ಗೇಟು, ಮುಖ್ಯರಸ್ತೆ. ಆ ಗಾಜು ಎಷ್ಟು ತಿಳಿಯಾಗಿತ್ತೆಂದರೆ ಸುಮಂಗಲಾ ಅದು ಇದೆಯೋ ಇಲ್ಲವೋ ಎಂದು ಕೈಯಿಟ್ಟೇ ನೋಡಬೇಕಾಯಿತು.

"ಇದನ್ನ ತೊಳೆದೋರು ಯಾರು?"

"ಅವನೇ. ಇನ್ಯಾರು? ಈ ಬಿಲ್ಡಿಂಗಲ್ಲಿ ಆ ಟಾಕಿ ಹೊರೋನು ಅವನೊಬ್ಬನೇ."

"ಒಂದೇ ಬೆಳಿಗ್ಗೆ, ಒಬ್ಬನೇ ಮನುಷ್ಯ. ಈ ಗಾಜಿಗೆ ಒಂದು ನೀರು, ಆ ಗಾಜಿಗೆ ಇನ್ನೊಂದು ನೀರು?" ಸುಮಂಗಲಾ ಸೆರಗು ಸಿಕ್ಕಿಸಿಕೊಂಡಳು. "ಕರೆಸಿ ಅವನನ್ನ. ಟಾಕೀನೂ ತರಲಿ. ನಿಮ್ಮ ಶೈಲಜಾ ಮೇಡಂ ಕೂಡ ಬರಲಿ."

*

ಬಸಲಿಂಗ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಬಂದ. ಗರಡಿಯಲ್ಲಿ ಸಾಮು ಮಾಡಿದ ಮೈ, ಬಾಗಿಲು ತುಂಬುವ ಭುಜ. ಅಂಥವನ ಮುಖ ಮಾತ್ರ ಬಿಸಿಲಿಗೆ ಬಾಡಿದ ಸೊಪ್ಪಿನ ಹಾಗಾಗಿತ್ತು. ಹಿಂದೆ ಅವನ ಹೆಂಡತಿ ಮಲಕವ್ವ, ಕೈಯಲ್ಲಿ ರೊಟ್ಟಿ ಗಂಟು. ಬೆಳಿಗ್ಗೆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ರಜೆ ಹಾಕಿ, ಬೇಕರಿ ಮೇಲಿನ ಸುಮಂಗಲಾಳ ಪತ್ತೇದಾರಿ ಆಫೀಸಿನ ಬಾಗಿಲು ಬಡಿದವಳು ಅವಳೇ.

"ಗೇಟಿನ್ಯಾಗ ನನ್ನ ಗಂಟು ಬಿಚ್ಚಿ ರೊಟ್ಟಿ ಎಣಿಸಿದ್ರ ಅಕ್ಕಾರ," ಎಂದಳು ಮಲಕವ್ವ. "ರೊಟ್ಟಿ ಒಳಗ ಮಿಷನ್ ಇಟ್ಟಗೊಂಡು ಬರ್ತೀವೇನ್ರಿ?"

"ನಾನೇ ಹೇಳಿದ್ದಮ್ಮ, ಒಂದು ಚೀಲಾನೂ ಬಿಡದೆ ನೋಡಿ ಅಂತ. ರೊಟ್ಟಿ ಹರಿಯೋಕೆ ಹೇಳಿರಲಿಲ್ಲ," ಎಂದು ಸುಮಂಗಲಾ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು.

ಕೊನೆಗೆ ಶೈಲಜಾ ಬಂದರು. ಯಂತ್ರ ಕಂಡುಹಿಡಿದವರು, ಕಂಪನಿಯ ಒಡತಿ. ಸಣಕಲು ಮೈ, ಕತ್ತರಿಸಿದ ಕೂದಲು. ಯಾರ ಕಣ್ಣನ್ನೂ ನೋಡದೆ ಗೋಡೆ ಪಕ್ಕ ನಿಂತರು.

ಸುಮಂಗಲಾಗೆ ಬೆಳಿಗ್ಗೆಯಿಂದ ಒಂದು ಮಾತು ಕಾಲಿಗೆ ಹೊಕ್ಕ ಮುಳ್ಳಿನಂತೆ ಚುಚ್ಚುತ್ತಿತ್ತು. ಕಳಕೊಂಡವರು ಶೈಲಜಾ. ಪೊಲೀಸ್, ಪೊಲೀಸ್ ಎಂದು ಹಾರಾಡುತ್ತಿರುವವನು ಸಂಗಮೇಶ್. ಹೆತ್ತವ್ವ ಸುಮ್ಮನಿದ್ದು ನೆರೆಯವನು ಎದೆ ಬಡಿದುಕೊಂಡರೆ ಯಾರಿಗಾದರೂ ಅನುಮಾನ ಬರಬೇಕು.

"ಬಸಲಿಂಗ, ನಿನ್ನ ಕೆಲಸ ಹೇಗೆ ಅಂತ ಹೇಳು. ನನಗೇನೂ ಗೊತ್ತಿಲ್ಲ ಅಂದ್ಕೊಂಡು ಹೇಳು."

"ಏನಿಲ್ರಿ ಅಕ್ಕಾರ. ಕೆಳಗ ಪಂಪಿನ ರೂಮಿನ ಬಾಜೂಕ ಫಿಲ್ಟರ್ ಐತಿ. ಅದರ ನೀರು ಒಂದು ನೀಲಿ ಡ್ರಮ್ಮಿನ್ಯಾಗ ತುಂಬತೈತಿ. ಅದನ್ನ ಟಾಕಿಗೆ ಹಾಕ್ಕೊಂಡು ಬೆನ್ನಿಗೆ ಏರಿಸೂದು. ಬ್ಯಾಟರಿ ಪಂಪ್ ಐತ್ರಿ, ಈ ಕೋಲಿನ ತುದೀಗೆ ಬ್ರಷ್. ನೀರು ಬಿಡೂದು, ತಿಕ್ಕೂದು, ಮತ್ತ ನೀರು ಬಿಡೂದು. ಒರಸಂಗಿಲ್ರಿ. ತಾನ ಒಣಗತೈತಿ."

"ನಲ್ಲಿ ನೀರು ಹಾಕಿದ್ರೆ?"

"ಅಯ್ಯ! ಒಣಗಿದ ಮ್ಯಾಲ ಸುಣ್ಣದ ಚುಕ್ಕಿ ನಿಂದರ್ತಾವ್ರಿ. ಆಮ್ಯಾಲ ಎರಡು ಪಟ್ಟು ಕೆಲಸ. ನಾ ಒಂದು ಹನಿನೂ ಹಾಕಂಗಿಲ್ಲ."

"ಬೆಳಿಗ್ಗೆ ಟಾಕಿ ಯಾವಾಗಾದ್ರೂ ಬೆನ್ನಿಂದ ಇಳಿಸಿದ್ದೆಯಾ?"

ಬಸಲಿಂಗ ಸಂಗಮೇಶನ ಕಡೆ ನೋಡಿದ. ಮಲಕವ್ವ ಅವನ ಮೊಣಕೈ ತಿವಿದಳು.

"ಹೇಳ್ರಲ್ಲ. ದೇವರ ಕೆಲಸಕ್ಕ ಯಾಕ ಅಂಜತೀರಿ?"

"ಪೂಜಿ ಮಾಡಾಕ ಇಳಿಸಿದ್ದೆ ರೀ," ಎಂದ ಬಸಲಿಂಗ. "ನಾವು ಕತ್ತಲದಾಗ ವ್ಯಾನ್ ಹತ್ತೂದು. ಮನ್ಯಾಗ ಲಿಂಗಪೂಜಿಗೆ ಹೊತ್ತಾಗಂಗಿಲ್ಲ. ಮೊದಲನೇ ಟಾಕಿ ಖಾಲಿ ಆತಂದ್ರ ಪಂಪಿನ ರೂಮಿನ್ಯಾಗ ಕೈಕಾಲು ತೊಳಕೊಂಡು ಕೂಡತೀನಿ. ಜಾಕೆಟ್ಟು, ಟೊಪ್ಪಿಗಿ, ಟಾಕಿ ಹೊರಗ ಮೊಳಿಗೆ ಹಾಕಿರ್ತೀನಿ. ಡ್ಯೂಟ್ಯಾಗ ಕುಂತದ್ದು ತಪ್ಪರಿ, ಆದ್ರ ನಾ ಕದ್ದಿಲ್ಲ."

"ನೋಡಿದ್ರಾ!" ಸಂಗಮೇಶ್ ಕೈ ಚಾಚಿದ. "ಒಂದು ತಪ್ಪು ಒಪ್ಕೊಂಡ. ಈಗ ಪೂಜೆ ಕಥೆ. ಸಾಕ್ಷಿ ಯಾರು, ಶಿವನಾ?"

"ಶಿವನೇ ಸಾಕ್ಷಿ ಹೇಳಬಹುದು, ತಡೀರಿ," ಎಂದಳು ಸುಮಂಗಲಾ. "ಎದ್ದು ಬಂದಾಗ ಟಾಕಿ ಹೇಗಿತ್ತು ಬಸಲಿಂಗ?"

"ತಳದಾಗ ಒಂದೀಟು ನೀರಿತ್ರಿ. ನಾ ಖಾಲಿ ಮಾಡಿ ಇಟ್ಟಿದ್ದೆ. ಯಾರರ ಹುಡುಗಾಟ ಮಾಡ್ಯಾರ ಅಂತ ಚೆಲ್ಲಿದೆ. ಭುಜದ ಪಟ್ಟಿನೂ ಬಿಗಿ ಮಾಡಿದ್ರು, ಕೈನ ತೂರಲಿಲ್ಲ. ಸಡ್ಲ ಮಾಡಿ ಹಾಕ್ಕೊಂಡೆ."

ಸುಮಂಗಲಾಳ ಕಣ್ಣು ಮಿಂಚಿತು. ದಾವಣಗೆರೆಯ ಹಿರೇಮಠ ಮನೆತನದ ಹೆಣ್ಣು ಅವಳು. ಇನ್ಶೂರೆನ್ಸ್ ಕಂಪನಿಯಲ್ಲಿ ಸುಟ್ಟ ಗೋಡೌನುಗಳ ಬೂದಿ ಕೆದಕಿ ಕೆದಕಿ ಅರ್ಧ ಆಯುಷ್ಯ ಕಳೆದಿದ್ದಳು. ಬೂದಿಯಲ್ಲಿ ಕೆಂಡ ಕಂಡಾಗ ಅವಳ ಮುಖ ಹೀಗೇ ಆಗುತ್ತಿತ್ತು.

"ವೀಡಿಯೋ ಹಾಕಿ ಸಂಗಮೇಶ್."

*

ಲ್ಯಾಪ್‌ಟಾಪಿನ ಪರದೆಯಲ್ಲಿ ನೀಲಿ ಜಾಕೆಟ್ಟು ಬಂತು. ಟೋಪಿ ಕಣ್ಣಿನವರೆಗೆ, ಮೂಗಿಗೆ ಧೂಳಿನ ಬಟ್ಟೆ. ಬೆನ್ನ ಮೇಲೆ ಟಾಕಿ. ಅದರ ಭುಜದ ಪಟ್ಟಿಗಳಿಗೆ ಬಣ್ಣಬಣ್ಣದ ಕೌದಿಯ ತುಂಡು ಸುತ್ತಿ ಹೊಲಿದಿತ್ತು.

"ನಾನ ಹೊಲದದ್ರಿ ಅದು," ಎಂದಳು ಮಲಕವ್ವ. "ಪಟ್ಟಿ ಕೊರದು ಭುಜ ಕೆಂಪಾಗತಿತ್ತು."

"ಟಾಕಿ ಇವನದ್ದೇ ಅಂತ ನೀವೇ ಒಪ್ಕೊಂಡ್ರಿ," ಎಂದ ಸಂಗಮೇಶ್.

"ಟಾಕಿ ಇವನದ್ದೇ. ಬೆನ್ನು ಯಾರದ್ದು ಅನ್ನೋದು ಪ್ರಶ್ನೆ."

"ಆಳು ಕುಳ್ಳಗೆ ಕಾಣ್ತಾನೆ ಅಂತೀರಾ? ಕ್ಯಾಮರಾ ಮೇಲಿದೆ ಮೇಡಂ, ಎಲ್ಲರೂ ಕುಳ್ಳಗೇ ಕಾಣೋದು. ನನ್ನನ್ನ ನೋಡಿ ಬೇಕಾದ್ರೆ, ಕುಂಬಳಕಾಯಿ ಥರ ಕಾಣ್ತೀನಿ."

ಅದಕ್ಕೆ ಕ್ಯಾಮರಾ ಬೇಕಿಲ್ಲ ಎಂದು ಸುಮಂಗಲಾ ಮನಸ್ಸಿನಲ್ಲೇ ಅಂದುಕೊಂಡಳು.

ಪರದೆಯ ಮೇಲಿನ ಆಳು ಗಾಜಿಗೆ ನೀರು ಬಿಟ್ಟಿತು. ಒಂದೇ ಹಲಗೆ, ನಾಲ್ಕು ಬಾರಿ ಬ್ರಷ್ಷು, ನೋಡುವವರು ನೋಡಲಿ ಎನ್ನುವ ಹಾಗೆ. ನೀರು ಹರಿದ ಗಾಜು ಕನ್ನಡಿಯಾಯಿತು. ಅದರಲ್ಲಿ ಆಳಿನ ಮುಂಭಾಗ ಮಸುಕಾಗಿ ಮೂಡಿತು.

"ನಿಲ್ಲಿಸಿ! ಇಲ್ಲಿ, ಎದೆ ಮೇಲೆ. ಏನದು?"

ಎಲ್ಲರೂ ಬಗ್ಗಿದರು. ನೀಲಿ ಜಾಕೆಟ್ಟಿನ ಎದೆಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ, ನಡುವೆ ಬಕಲ್.

"ಟಾಕಿ ಅಲ್ಲಾಡದೆ ಇರಲಿ ಅಂತ ಎದೆಗೆ ಕಟ್ಟೋ ಪಟ್ಟಿ," ಎಂದ ಸಂಗಮೇಶ್. "ಕಂಪನೀನೇ ಕೊಟ್ಟಿರೋದು. ಅದರಲ್ಲೇನಿದೆ?"

ಬಸಲಿಂಗನ ಬಾಯಿ ತೆರೆದುಕೊಂಡಿತು. ಮಲಕವ್ವ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಕ್ಕಾರ, ಇವ್ರು ಅದನ್ನ ಕಟ್ಟಂಗೇ ಇಲ್ರಿ!"

"ಗೊತ್ತು," ಎಂದಳು ಸುಮಂಗಲಾ. "ಯಾಕೆ ಅಂತ ನೀನೇ ಹೇಳು ಬಸಲಿಂಗ."

ಬಸಲಿಂಗ ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಬಿಳಿ ದಾರದಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಎದೆಯ ನಟ್ಟನಡುವೆ. "ಆ ಪಟ್ಟಿ ಕಟ್ಟಿದ್ರ ಲಿಂಗದ ಮ್ಯಾಲ ಒತ್ತತೈತ್ರಿ. ನನ್ನ ಭಾರ ನಾ ಹೊರೂದು, ಅದನ್ನ ಲಿಂಗಕ್ಕ ಹೊರಸೂದು ಹೆಂಗ್ರಿ? ಸೊಂಟದ ಪಟ್ಟಿ ಅಷ್ಟ ಕಟ್ಟತೀನಿ. ಎದಿ ಪಟ್ಟಿನ ನಮ್ಮಾಕಿ ಮೊದಲ ದಿನಾನ ಸುತ್ತಿ ಬಾಜೂಕ ಹೊಲದಾಳ."

ಸುಮಂಗಲಾ ಟಾಕಿಯನ್ನು ತಿರುಗಿಸಿದಳು. ಎದೆಪಟ್ಟಿ ಜೋತಾಡುತ್ತಿತ್ತು. ಅದರ ಬುಡದಲ್ಲಿ ಹರಿದ ಕೆಂಪು ದಾರದ ಎಳೆಗಳು. ಮಲಕವ್ವ ಅದನ್ನು ಮುಟ್ಟಿ ನೋಡಿದಳು, ತನ್ನ ಹೊಲಿಗೆಯೇ ಎಂದು ಗುರುತು ಹಿಡಿದಳು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಬೆಳಿಗ್ಗೆಯಿಂದ ಇದ್ದ ಎದೆಯ ಉರಿ ಅವಳಿಗೆ ಮೊದಲ ಸಲ ತುಸು ಆರಿತು. ಗಂಡ ಕಳ್ಳ ಅಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಇನ್ನೊಬ್ಬರಿಗೂ ಗೊತ್ತಾಯಿತಲ್ಲ ಎನ್ನುವುದೇ ಆಗಿನ ಸಮಾಧಾನ.

"ದಾರಾನ ಅವನೇ ಕಿತ್ತಿರಬಹುದು," ಸಂಗಮೇಶನ ದನಿ ಏರಿತು. "ಕಳ್ಳತನಕ್ಕೆ ನಿಂತೋನಿಗೆ ಲಿಂಗ ಏನು, ಗಂಗೆ ಏನು? ಇದೆಲ್ಲ ಪ್ರೂಫ್ ಅಲ್ಲ ಮೇಡಂ."

"ಸರಿ. ಹಾಗಾದ್ರೆ ಕಟ್ಟಿಯೇ ನೋಡೋಣ." ಸುಮಂಗಲಾ ಟಾಕಿಯನ್ನು ಎತ್ತಿ ಬಸಲಿಂಗನ ಕಡೆ ಚಾಚಿದಳು. "ಭುಜದ ಪಟ್ಟಿ ನೀನು ಸಡಿಲ ಮಾಡಿದ್ದೀಯ. ಎದೆಪಟ್ಟಿ ಮುಟ್ಟಿಲ್ಲ ತಾನೇ?"

"ಇಲ್ರಿ."

"ಅಂದ್ರೆ ಅದರ ಅಳತೆ ಬೆಳಿಗ್ಗೆ ಕಟ್ಟಿಕೊಂಡವರ ಅಳತೇನೇ. ಕರಡಿಗೆ ಪಕ್ಕಕ್ಕೆ ಸರಿಸಿಕೊಂಡು ಒಂದ್ಸಲ ಹಿಡಿ, ಕಟ್ಟೋದೇನೂ ಬೇಡ."

ಬಸಲಿಂಗ ಟಾಕಿ ಏರಿಸಿಕೊಂಡ. ಪಟ್ಟಿಯ ಎರಡು ತುದಿಗಳನ್ನೂ ಎಳೆದ. ನಡುವೆ ಗೇಣು ಜಾಗ ಉಳಿಯಿತು.

"ಈಗ ನೀವು, ಸಂಗಮೇಶ್."

"ನಾನಾ?"

"ಬೇಸ್‌ಮೆಂಟಿಗೆ ಬೆಳಿಗ್ಗೆ ನೀವೂ ಹೋಗ್ತೀರಲ್ಲ? ಹಾಕ್ಕೊಳ್ಳಿ, ಮರ್ಯಾದೆ ಏನೂ ಹೋಗಲ್ಲ."

ಸಂಗಮೇಶ್ ಗೊಣಗುತ್ತಾ ಹಾಕಿಕೊಂಡ. ಉಸಿರು ಒಳಗೆ ಎಳೆದ, ಹೊಟ್ಟೆ ಒಳಗೆ ಎಳೆದ, ಕಣ್ಣು ಮಾತ್ರ ಹೊರಗೆ ಬಂತು. ಬಕಲ್ಲಿನ ಗಂಡು ಒಂದು ಊರಿನಲ್ಲಿ, ಹೆಣ್ಣು ಇನ್ನೊಂದು ಊರಿನಲ್ಲಿ ಉಳಿದವು. ಮಲಕವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಸಲಿಂಗನ ಮುಖದ ಮೇಲೂ ಒಂದು ಗೆರೆ ಮೂಡಿತು.

"ಸಾಕು ಈ ನಾಟಕ!" ಸಂಗಮೇಶ್ ಟಾಕಿಯನ್ನು ಮೇಜಿನ ಮೇಲೆ ಕುಕ್ಕಿದ. "ನಾನೇ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟು ಬರ್ತೀನಿ. ಪೊಲೀಸರ ಮುಂದೆ ಹಾಕ್ಕೊಂಡು ನೋಡಿ ಈ ಬೆಲ್ಟು."

ಬಾಗಿಲು ಧಡಾರನೆ ಬಡಿದುಕೊಂಡಿತು. ಸುಮಂಗಲಾ ಅವನನ್ನು ತಡೆಯಲಿಲ್ಲ. ತಡೆಯಬೇಕಿತ್ತು ಎಂದು ಆಮೇಲೆ ತನ್ನನ್ನೇ ಬೈದುಕೊಂಡಳು. ಆಗ ಅವಳ ಕಣ್ಣು ಬೇರೆ ಕಡೆ ಇತ್ತು.

ಅವಳು ಭುಜದ ಪಟ್ಟಿಗಳನ್ನು ಬಿಗಿ ಮಾಡಿ ಟಾಕಿಯನ್ನು ತಾನೇ ಬೆನ್ನಿಗೆ ಹಾಕಿಕೊಂಡಳು. ಅವಳದ್ದೂ ಸಣ್ಣ ಮೈಕಟ್ಟು. ಎದೆಪಟ್ಟಿಯ ಎರಡು ತುದಿಗಳನ್ನು ಹತ್ತಿರ ತಂದಳು.

ಟಕ್.

ಎಳೆಯುವುದೂ ಬೇಕಾಗಲಿಲ್ಲ, ಸಡಿಲಿಸುವುದೂ ಬೇಕಾಗಲಿಲ್ಲ.

"ಬೆಳಿಗ್ಗೆ ಇದನ್ನ ಹಾಕ್ಕೊಂಡಿದ್ದು ನನ್ನಷ್ಟೇ ಇರೋ ಯಾರೋ," ಎಂದಳು ಮೆಲ್ಲಗೆ. "ನೀಲಿ ಡ್ರಮ್ಮಿನ ವಿಷಯ ಗೊತ್ತಿಲ್ಲದೋರು. ನೀರು ಅಂದ್ರೆ ನೀರೇ ಅಂತ ನಲ್ಲಿ ತಿರುಗಿಸಿದೋರು. ಹೆಂಗಸು." ಅವಳು ಗೋಡೆಯ ಕಡೆ ತಿರುಗಿದಳು. "ನೀವೂ ಒಂದ್ಸಲ ಹಾಕ್ಕೊಳ್ತೀರಾ ಶೈಲಜಾ?"

*

ಶೈಲಜಾ ಮಲಕವ್ವನ ಪಕ್ಕದ ಕುರ್ಚಿಯಲ್ಲಿ ಕುಸಿದರು.

"ಬೇಡ. ನಾನೇ."

ಮಲಕವ್ವ ಕುರ್ಚಿಯನ್ನು ದೂರ ಎಳೆದುಕೊಂಡಳು.

"ಇವತ್ತು ಸಂಜೆ ದುಡ್ಡು ಹಾಕಿರೋ ನನ್ನ ಪಾರ್ಟ್‌ನರ್‌ಗಳು ಬಂದು ಅದನ್ನ ತಗೊಂಡು ಹೋಗೋರಿದ್ರು," ಎಂದರು ಶೈಲಜಾ. "ಹೋದ್ರೆ ವಾಪಸ್ ಬರಲ್ಲ. ಬೇರೆಯೋರಿಗೆ ಮಾರ್ತಾರೆ, ಅವರು ಬೀರುವಿನಲ್ಲಿ ಇಟ್ಟು ಬೀಗ ಹಾಕ್ತಾರೆ. ಒಂದು ಮಗುವಿನ ಕಿವಿಗೂ ಅದು ತಲುಪಲ್ಲ. ಕೊಡಲ್ಲ ಅನ್ನೋ ಧೈರ್ಯ ನನಗಿರಲಿಲ್ಲ. ಕಳೆದುಹೋಯ್ತು ಅಂದ್ರೆ ಸ್ವಲ್ಪ ದಿನ ಸಿಗುತ್ತೆ ಅಂದ್ಕೊಂಡೆ. ಯಾರ ಹೆಸರೂ ಬರಲ್ಲ, ಮುಖ ಕಾಣಲ್ಲ ಅಂತ..."

"ಮುಖ ಕಾಣಲ್ಲ, ಜಾಕೆಟ್ಟು ಕಾಣುತ್ತೆ!" ಸುಮಂಗಲಾಳ ಸಿಟ್ಟು ನೆತ್ತಿಗೇರಿತು. "ನಿಮ್ಮ ಬುದ್ಧಿಗೆ ಅಷ್ಟೂ ಹೊಳೀಲಿಲ್ವಾ? ಬೆಳಿಗ್ಗೆಯಿಂದ ಈ ಮನುಷ್ಯನನ್ನ ಕಳ್ಳ ಕಳ್ಳ ಅಂತಿದ್ರೆ ಗೋಡೆಗೆ ಒರಗಿ ನಿಂತಿದ್ರಲ್ಲ!"

"ಮಧ್ಯಾಹ್ನ ಹೇಳೋಣ ಅಂತಿದ್ದೆ. ಯಂತ್ರ ತಂದು ಮುಂದಿಟ್ಟು ಹೇಳೋಣ ಅಂತ ಕೆಳಗೆ ಹೋದೆ." ಶೈಲಜಾ ಖಾಲಿ ಕೈ ಚಾಚಿದರು. "ಅದು ಅಲ್ಲಿಲ್ಲ. ಬೇಸ್‌ಮೆಂಟಲ್ಲಿ ಬೆಂಕಿ ಆರಿಸೋ ಪೈಪಿನ ಕೆಂಪು ಪೆಟ್ಟಿಗೆ ಇದೆಯಲ್ಲ, ಅದರೊಳಗೆ ಇಟ್ಟಿದ್ದೆ. ಯಾರೋ ನಿಜವಾಗ್ಲೂ ತಗೊಂಡು ಹೋಗಿದ್ದಾರೆ. ಇನ್ನು ನಾನು ಹೇಳಿದ್ರೆ ಯಾರು ನಂಬ್ತಾರೆ?"

ಮೊದಲು ಮಾತಾಡಿದವನು ಬಸಲಿಂಗ.

"ಕೆಂಪು ಪೆಟಗೀನಾ? ನಾ ಪೂಜಿ ಮುಗಿಸಿ ಹೊರಗ ಬಂದಾಗ ಸಂಗಮೇಶ್ ಸಾಹೇಬ್ರು ಅದರ ಬಾಗಲಾ ತಗದು ನಿಂತಿದ್ರಿ. 'ಪೈಪ್ ಚೆಕ್ ಮಾಡ್ತಿದ್ದೀನಿ, ನಿನ್ ಕೆಲ್ಸ ನೋಡ್ಕೋ' ಅಂದ್ರು."

ಸುಮಂಗಲಾ ಸರ್ರನೆ ಆಚೆ ಬದಿಯ ಗಾಜಿನ ಕಡೆ ತಿರುಗಿದಳು. ಒಂದು ಚುಕ್ಕೆಯೂ ಇಲ್ಲದ ಆ ಗಾಜಿನಾಚೆ, ಬೇಸ್‌ಮೆಂಟಿನಿಂದ ಸಂಗಮೇಶನ ಬೂದು ಬಣ್ಣದ ಕಾರು ಮೇಲೆ ಬರುತ್ತಿತ್ತು. ಬೆಳಿಗ್ಗೆಯಿಂದ ರೊಟ್ಟಿ ಗಂಟನ್ನೂ ಬಿಡದೆ ಬಿಚ್ಚಿ ನೋಡಿದ ಕಾವಲಿನವರು ಸಲಾಮು ಹೊಡೆದು ಅಡ್ಡಗಂಬ ಎತ್ತಿದರು. ಡಿಕ್ಕಿಯನ್ನು ಯಾರೂ ಮುಟ್ಟಲಿಲ್ಲ.

"ಪೊಲೀಸ್ ಸ್ಟೇಷನ್ ಯಾವ ಕಡೆ?"

"ಬಲಕ್ಕೆ," ಎಂದರು ಶೈಲಜಾ.

ಕಾರು ಎಡಕ್ಕೆ ತಿರುಗಿತು. ವರ್ತೂರು, ಸರ್ಜಾಪುರ, ಅತ್ತಿಬೆಲೆ. ಅತ್ತಿಬೆಲೆ ದಾಟಿದರೆ ತಮಿಳುನಾಡು.

"ಹೋಯ್ತು," ಎಂದು ಶೈಲಜಾ ಕಣ್ಣು ಮುಚ್ಚಿದರು.

"ಎಲ್ಲಿ ಹೋಗ್ತೈತ್ರಿ?" ಬಸಲಿಂಗನ ದನಿಯಲ್ಲಿ ಬೆಳಿಗ್ಗೆಯಿಂದ ಇಲ್ಲದ ಕಸುವು ಬಂದಿತ್ತು. "ಈ ಹೊತ್ತಿನ್ಯಾಗ ವರ್ತೂರು ಕೆರಿ ಏರಿ ಮ್ಯಾಲ ಕಾರು ಹೋಗಂಗಿಲ್ಲ. ಜಾಮ್ ಇರ್ತೈತಿ. ಸ್ಕೂಟರ್ ಹೋಗತೈತಿ."

ಸುಮಂಗಲಾ ಅವನ ಮುಖ ನೋಡಿದಳು. ಬೆಂಗಳೂರಿನ ಟ್ರಾಫಿಕ್ಕಿಗೆ ಅವಳು ಈ ಊರಿಗೆ ಬಂದಾಗಿನಿಂದ ಶಾಪ ಹಾಕುತ್ತಾ ಬಂದಿದ್ದಳು. ಅವತ್ತು ಕೈಮುಗಿಯಬೇಕು ಅನ್ನಿಸಿತು. ಟಾಕಿ ಇಳಿಸಿ ತನ್ನ ಸ್ಕೂಟರಿನ ಕೀ ಅವನ ಕೈಗೆ ಹಾಕಿದಳು.

"ನೀನೇ ಓಡಿಸು. ನಡಿ!"

ಬೆನ್ನ ಮೇಲೆ ಭಾರವಿಲ್ಲದ ಬಸಲಿಂಗ ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದ. ಸುಮಂಗಲಾ ಸೀರೆ ಎತ್ತಿಕಟ್ಟಿ ಹಿಂದೆ ಕೂತಳು. ಸ್ಕೂಟರು ಗೇಟಿಗೆ ಬಂತು.

ಅಡ್ಡಗಂಬ ಇಳಿಯಿತು.

"ನೀವು ಹೋಗಬಹುದು ಮೇಡಂ," ಎಂದ ಕಾವಲಿನವನು. "ಇವನನ್ನ ಬಿಡಂಗಿಲ್ಲ. ಕಳ್ಳ ಓಡಿಹೋಗ್ತಾನೆ, ಯಾರು ಹೇಳಿದ್ರೂ ಬಿಡಬೇಡಿ ಅಂತ ಸಂಗಮೇಶ್ ಸಾರ್ ಆರ್ಡರ್ ಮಾಡಿ ಹೋಗಿದ್ದಾರೆ."

"ಯಾರು ಕಳ್ಳ ಅಂತ ನಿನಗೇನು ಗೊತ್ತು?"

"ವೀಡಿಯೋ ನಾವೂ ನೋಡಿದ್ದೀವಿ ಮೇಡಂ."

ಅಷ್ಟರಲ್ಲಿ ಮಲಕವ್ವ ಶೈಲಜಾರ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ಸಂಜೆ ಶಿಫ್ಟು ಬಿಡುವ ಹೊತ್ತು. ಕೊರಳಲ್ಲಿ ಕಾರ್ಡು ಹಾಕಿಕೊಂಡ ಜನ ಅಲ್ಲಲ್ಲೇ ನಿಂತು ನೋಡತೊಡಗಿದರು. ಅದೇ ಹೊತ್ತಿಗೆ ಗೇಟಿನ ಹೊರಗೆ ಒಂದು ದೊಡ್ಡ ಕರಿ ಕಾರು ಬಂದು ನಿಂತಿತು. ಅದರಿಂದ ಕೋಟು ತೊಟ್ಟ ಇಬ್ಬರು ಇಳಿದರು. ಅವರನ್ನು ಕಂಡು ಶೈಲಜಾರ ಮುಖದ ಬಣ್ಣವೇ ಹೋಯಿತು. ಯಂತ್ರ ಒಯ್ಯಲು ಬಂದ ಪಾರ್ಟ್‌ನರ್‌ಗಳೇ ಅವರು.

"ಶೈಲಜಾ, ಏನಿದು ಗಲಾಟೆ?" ಎಂದು ಅವರಲ್ಲಿ ಹಿರಿಯ ಕೇಳಿದ.

ಕಾವಲಿನವನು ಅಡ್ಡಗಂಬದ ಹಗ್ಗ ಹಿಡಿದೇ ನಿಂತಿದ್ದ. "ಇವನನ್ನ ಬಿಡಬೇಕು ಅಂದ್ರೆ ಕಾರಣ ಹೇಳಿ ಮೇಡಂ. ನಾನು ಸಾರ್‌ಗೆ ಏನಂತ ಹೇಳಲಿ?"

ಮಲಕವ್ವ ಕೈ ಬಿಟ್ಟಳು. ಬಸಲಿಂಗ ಸ್ಕೂಟರ್ ಆರಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ಅವನ ಬೆನ್ನು ನೆಟ್ಟಗಿತ್ತು.

ಶೈಲಜಾ ಒಮ್ಮೆ ಕರಿ ಕಾರನ್ನು ನೋಡಿದರು, ಒಮ್ಮೆ ಆ ಬೆನ್ನನ್ನು ನೋಡಿದರು, ಆಮೇಲೆ ಬಾಯಿ ತೆರೆದರು: "ವೀಡಿಯೋದಲ್ಲಿರೋದು ನಾನು."